ಮರಗಳಿಗೆ ರ್‍ಯಾಂಕ್ ಕೊಟ್ಟಾಗ

ಬೇಸಿಗೆ ರಜೆಗೆ ಬಂದಿದ್ದ ಮೊಮ್ಮಗಳು ಒಂದು ಮಧ್ಯಾಹ್ನ ನೋಟ್‌ಬುಕ್ಕು, ಪೆನ್ನು ಹಿಡಿದುಕೊಂಡು ನನ್ನ ಕುರ್ಚಿಯ ಪಕ್ಕದಲ್ಲಿ ಕೂತಳು. ಐದನೇ ತರಗತಿಯ ಹುಡುಗಿ. ಶಾಲೆಯಲ್ಲಿ ರಜೆಯ ಕೆಲಸ ಕೊಟ್ಟಿದ್ದರಂತೆ. ಮನೆಯ ಹಿರಿಯರೊಬ್ಬರಿಗೆ ಇಷ್ಟವಾದ ಐದು ಮರಗಳ ಬಗ್ಗೆ ಕೇಳಿ ಬರೆಯಬೇಕು.

“ಸುಮ್ನೆ ಐದು ಹೆಸರು ಹೇಳಿದ್ರೆ ಆಗಲ್ಲ ತಾತ. ರ್‍ಯಾಂಕ್ ಕೊಡ್ಬೇಕು. ಫಸ್ಟ್ ಯಾವುದು, ಲಾಸ್ಟ್ ಯಾವುದು ಅಂತ” ಅಂದಳು.

ಮೂವತ್ತೈದು ವರ್ಷ ಮೇಷ್ಟ್ರಾಗಿ ಮಕ್ಕಳಿಗೆ ಅಂಕ ಕೊಟ್ಟವನು ನಾನು. ಮರಗಳಿಗೆ ಅಂಕ ಕೊಡುವುದು ಎಷ್ಟರ ಕೆಲಸ ಎಂದುಕೊಂಡೆ. ಕೂತ ಮೇಲೆ ಗೊತ್ತಾಯಿತು, ಗಣಿತದ ಪೇಪರ್ ತಿದ್ದುವುದೇ ಸುಲಭ!

ಕೊನೆಗೆ ಇಬ್ಬರೂ ಸೇರಿ ಮೂರು ನಿಯಮ ಮಾಡಿಕೊಂಡೆವು. ಒಂದು, ಆ ಮರವನ್ನು ನಾನು ಹತ್ತಿರಬೇಕು, ಇಲ್ಲವೇ ಅದರ ನೆರಳಲ್ಲಿ ಕೂತಿರಬೇಕು, ಅದೂ ಇಲ್ಲದಿದ್ದರೆ ಅದರದ್ದೇನಾದರೂ ತಿಂದಿರಬೇಕು. ಪುಸ್ತಕದಲ್ಲಿ ನೋಡಿದ ಮರಕ್ಕೆ ಜಾಗವಿಲ್ಲ. ಎರಡು, ಕಣ್ಣು ಮುಚ್ಚಿಕೊಂಡು ಮುಟ್ಟಿಯೋ ಮೂಸಿಯೋ ಅದನ್ನು ಗುರುತು ಹಿಡಿಯಬೇಕು. ಮೂರನೆಯ ನಿಯಮ ಅವಳದು. “ಮರ ಎಲ್ಲಿದೆ ಅಂತ ತೋರಿಸ್ಬೇಕು. ನಾನು ಫೋಟೊ ತೆಗೀಬೇಕು.” ಮೂರಕ್ಕೂ ಒಪ್ಪಿದೆ.

ಪಟ್ಟಿ ಶುರುವಾಗುವ ಮೊದಲೇ ಮನೆಯಲ್ಲಿ ಜಗಳ ಶುರುವಾಯಿತು. ನನ್ನ ಹೆಂಡತಿ ಸಾಗರದ ಕಡೆಯವಳು. ಹಲಸು ಇಲ್ಲದ ಪಟ್ಟಿಯೂ ಒಂದು ಪಟ್ಟಿಯೇ ಎಂದು ಅಡುಗೆಮನೆಯಿಂದಲೇ ಕೂಗಿದಳು. ಮಗ ಮಾವಿನ ಪರ ವಕಾಲತ್ತು ವಹಿಸಿದ. ‘ಹಸಿದು ಹಲಸು, ಉಂಡು ಮಾವು’ ಎಂಬ ಗಾದೆ ನನಗೂ ಗೊತ್ತು. ಆದರೆ ಆ ಎರಡೂ ನನಗೆ ಇಷ್ಟವಾಗಿರುವುದು ಹಣ್ಣಿಗಾಗಿ. ಹಣ್ಣಿಲ್ಲದ ಉಳಿದ ತಿಂಗಳುಗಳಲ್ಲಿ ಅವುಗಳ ಕಡೆ ತಲೆಯೆತ್ತಿ ನೋಡಿದ್ದೇನೆಯೇ ಎಂದು ಕೇಳಿಕೊಂಡರೆ ಇಲ್ಲ. ಮೊಮ್ಮಗಳ ಅಚ್ಚುಮೆಚ್ಚಿನ ಮರ ಗುಲ್‌ಮೊಹರ್. ಮಡಗಾಸ್ಕರ್ ದ್ವೀಪದಿಂದ ಬಂದ ಈ ಮರಕ್ಕೆ ನಮ್ಮ ಕಡೆ ಕತ್ತಿಕಾಯಿ ಮರ ಎಂದೂ ಕರೆಯುತ್ತಾರೆ. ಅದರ ಉದ್ದನೆಯ ಕಾಯಿ ಹಿಡಿದು ಕತ್ತಿವರಸೆ ಆಡದ ಹುಡುಗರಿಲ್ಲ. ಅದರ ಮೊಗ್ಗು ಬಿಡಿಸಿ, ಕೇಸರಗಳ ತಲೆಗೆ ತಲೆ ಕೊಕ್ಕೆ ಹಾಕಿ ಎಳೆದು, ಯಾರದ್ದರ ತಲೆ ಮೊದಲು ಹಾರುತ್ತದೋ ಅವರು ಸೋತಂತೆ ಎಂಬ ಆಟವನ್ನು ಅವಳಿಗೆ ಹೇಳಿಕೊಟ್ಟೆ. ಆದರೆ ಪಟ್ಟಿ ಅವಳದಲ್ಲ, ನನ್ನದು!

ಐದನೆಯ ಸ್ಥಾನ ಮುತ್ತುಗಕ್ಕೆ. ವರ್ಷದ ಹತ್ತು ತಿಂಗಳು ಇದನ್ನು ಯಾರೂ ಮರವೆಂದೇ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಸೊಟ್ಟ ಕಾಂಡ, ಒರಟು ತೊಗಟೆ, ಒಂದೊಂದು ತೊಟ್ಟಿಗೆ ಮೂರು ಮೂರು ಎಲೆ. ಶಿವರಾತ್ರಿಯ ಆಸುಪಾಸು ಎಲೆಯೆಲ್ಲ ಉದುರಿ ಬರೀ ಕೊಂಬೆಯ ಮೇಲೆ ಕೆಂಡದ ಬಣ್ಣದ ಹೂ ಬಿಟ್ಟಾಗ ಮಾತ್ರ ಬಸ್ಸಿನಲ್ಲಿ ಹೋಗುವವರೂ ಕತ್ತು ತಿರುಗಿಸುತ್ತಾರೆ. ಗಿಳಿಯ ಕೊಕ್ಕಿನಂತೆ ಬಾಗಿದ ಹೂವಿಗೆ ವಾಸನೆಯಿಲ್ಲ. ಅದು ಕರೆಯುವುದು ಹಕ್ಕಿಗಳನ್ನು, ಹಕ್ಕಿಗಳಿಗೆ ಬಣ್ಣವೇ ಸಾಕು. ಆದರೆ ನಾನು ರ್‍ಯಾಂಕ್ ಕೊಟ್ಟಿದ್ದು ಹೂವಿಗಲ್ಲ, ಎಲೆಗೆ. ನನ್ನ ಅಜ್ಜಿ ಮಧ್ಯಾಹ್ನದ ಹೊತ್ತು ಜಗಲಿಯಲ್ಲಿ ಕೂತು ಒಣಗಿಸಿದ ಮುತ್ತುಗದ ಎಲೆಗಳನ್ನು ಕಡ್ಡಿ ಚುಚ್ಚಿ ಊಟದೆಲೆ ಹಚ್ಚುತ್ತಿದ್ದರು. ಬಿಸಿ ಅನ್ನ ಬಿದ್ದಾಗ ಆ ಎಲೆಯಿಂದ ಏಳುತ್ತಿದ್ದ ಪರಿಮಳ ಇವತ್ತಿನ ಪ್ಲಾಸ್ಟಿಕ್ ತಟ್ಟೆಗೆ ಎಲ್ಲಿಂದ ಬರಬೇಕು! ಕೆರೆ ಏರಿಯ ಹಿಂದೆ ಒಂದು ಮರ ಇನ್ನೂ ಇದೆ. ಹೂವಿನ ಕಾಲ ಮುಗಿದಿತ್ತು. ತುದಿಯಲ್ಲಿ ಒಂದೇ ಒಂದು ಬೀಜವಿರುವ ಚಪ್ಪಟೆ ಕಾಯಿಗಳ ಫೋಟೊ ತೆಗೆದುಕೊಂಡಳು.

ನಾಲ್ಕನೆಯದು ಅತ್ತಿ. ಇದರ ಹಣ್ಣು ಕೊಂಬೆಯ ತುದಿಗೆ ಕಾಯದೆ ಕಾಂಡದ ಮೈಮೇಲೆಯೇ ಗೊಂಚಲು ಗೊಂಚಲಾಗಿ ಅಂಟಿಕೊಂಡಿರುತ್ತದೆ. ಹತ್ತಲು ಬಾರದ ಪುಟ್ಟ ಮಕ್ಕಳಿಗೂ ಕೈಗೆಟಕುತ್ತದೆ. ಅತ್ತಿ ಹಣ್ಣು ಬಿಚ್ಚಿದರೆ ಬರೀ ಹುಳ ಎಂದು ಹಿರಿಯರು ಆಡಿಕೊಳ್ಳುತ್ತಾರೆ. ಪಾಪ, ಆ ಹುಳದ ಮೇಲೆ ಅಪವಾದ ಹೊರಿಸಬೇಡಿ. ನಾವು ಹಣ್ಣು ಎನ್ನುವುದು ನಿಜವಾಗಿ ಒಂದು ಚೀಲ, ಒಳಗೆ ನೂರಾರು ಪುಟಾಣಿ ಹೂಗಳಿರುತ್ತವೆ. ಸಾಸಿವೆಗಿಂತ ಸಣ್ಣ ಕಣಜವೊಂದು ತುದಿಯ ತೂತಿನಿಂದ ಒಳಗೆ ನುಗ್ಗಿ ಮೊಟ್ಟೆಯಿಡುತ್ತದೆ. ಹಾಗೆ ಬರುವಾಗ ಇನ್ನೊಂದು ಮರದ ಪರಾಗವನ್ನೂ ತರುತ್ತದೆ. ಅದು ಬರದಿದ್ದರೆ ಅತ್ತಿಗೆ ಬೀಜವೇ ಇಲ್ಲ, ಅತ್ತಿ ಇಲ್ಲದಿದ್ದರೆ ಆ ಕಣಜಕ್ಕೆ ಮನೆಯೇ ಇಲ್ಲ. ಇದನ್ನು ಕೇಳಿದ ಮೇಲೆ ಮೊಮ್ಮಗಳು ಬಾವಿಯ ಪಕ್ಕದ ಅತ್ತಿಯಿಂದ ಒಂದು ಹಣ್ಣು ಕಿತ್ತು, ಎರಡು ಹೋಳು ಮಾಡಿ, ಭೂತಕನ್ನಡಿ ಹಿಡಿದು ಅರ್ಧ ಗಂಟೆ ಅಲ್ಲಾಡಲಿಲ್ಲ.

ಮೂರನೆಯದು ಆಲ. ಅತ್ತಿಗೆ ಹತ್ತಿರದ ನೆಂಟ. ಇದರ ಬೀಜವನ್ನು ಅಂಗೈ ಮೇಲಿಟ್ಟು ಉಸಿರು ಬಿಟ್ಟರೆ ಹಾರಿಹೋಗುತ್ತದೆ. ಅಷ್ಟು ಸಣ್ಣ ಬೀಜದಿಂದ ಬಂದ ಕೇತೋಹಳ್ಳಿಯ ದೊಡ್ಡ ಆಲದ ಮರ ಸುಮಾರು 3 ಎಕರೆ ಹಬ್ಬಿದೆ. ಅದರ ವಯಸ್ಸು ಸುಮಾರು 400 ವರ್ಷ ಎನ್ನುತ್ತಾರೆ. ಅದರ ಮೂಲ ಕಾಂಡ ರೋಗ ಬಂದು ಸತ್ತುಹೋಯಿತು. ಆದರೂ ಬಿಳಲುಗಳೇ ಕಾಂಡವಾಗಿ ನಿಂತು ಮರವನ್ನು ಉಳಿಸಿಕೊಂಡಿವೆ. ಮನೆಯ ಹಿರಿಯರು ಹೋದ ಮೇಲೆ ಮಕ್ಕಳು ಮನೆ ನಡೆಸಿದ ಹಾಗೆ.

ಆದರೆ ಮೊಮ್ಮಗಳಿಗೆ ನಾನು ತೋರಿಸಬೇಕೆಂದಿದ್ದ ಆಲ ಒಂದಲ್ಲ, ಒಂದು ಸಾಲು. ಭಾನುವಾರ ಮಗ ನಮ್ಮಿಬ್ಬರನ್ನೂ ಕಾರಿನಲ್ಲಿ ಮಾಗಡಿ ತಾಲ್ಲೂಕಿನ ಹುಲಿಕಲ್, ಕುದೂರು ರಸ್ತೆಗೆ ಕರೆದುಕೊಂಡು ಹೋದ. ಸಾಲುಮರದ ತಿಮ್ಮಕ್ಕ ಮತ್ತು ಅವರ ಪತಿ ಚಿಕ್ಕಯ್ಯ ಬೆಳೆಸಿದ ಮರಗಳು ಅಲ್ಲಿವೆ, 385 ಎಂದು ಲೆಕ್ಕ. ತಿಮ್ಮಕ್ಕ ಶಾಲೆಯ ಮೆಟ್ಟಿಲು ಹತ್ತಿದವರಲ್ಲ, ಕೂಲಿ ಮಾಡಿ ಬದುಕಿದವರು. ಮಕ್ಕಳಿಲ್ಲದ ಆ ದಂಪತಿ ಸಸಿ ನೆಟ್ಟು, ದನ ಮೇಯದಂತೆ ಮುಳ್ಳು ಕಟ್ಟಿ, ಬಿಂದಿಗೆಯಲ್ಲಿ ನೀರು ಹೊತ್ತು ಸಾಕಿದರು. 2019ರಲ್ಲಿ ತಿಮ್ಮಕ್ಕನಿಗೆ ಪದ್ಮಶ್ರೀ ಬಂತು. ಮೊಮ್ಮಗಳು ಒಂದು ಬಿಳಲಿಗೆ ಜೋತುಬಿದ್ದು ಜೀಕಿದಳು. ಮೊದಲ ನಿಯಮ ಅವಳ ಪಾಲಿಗೂ ಪೂರೈಸಿತು.

ಎರಡನೆಯ ಸ್ಥಾನ ಹುಣಸೆಗೆ. ಬೇರೆ ಮರಗಳು ವರ್ಷಕ್ಕೊಂದು ಸಲ ತಿನ್ನಲು ಕೊಟ್ಟರೆ ಹುಣಸೆ ಕಂತು ಕಂತಾಗಿ ಕೊಡುತ್ತದೆ. ಮೊದಲು ಚಿಗುರು, ಆಮೇಲೆ ಹೂವು, ಆಮೇಲೆ ಉಪ್ಪು ಖಾರ ಹಚ್ಚಿಕೊಂಡು ತಿನ್ನುವ ಎಳೆಗಾಯಿ, ಆಮೇಲೆ ದೋರೆಗಾಯಿ, ಕೊನೆಗೆ ಹಣ್ಣು. ಹಣ್ಣಿಗೆ ಬೆಲ್ಲ, ಜೀರಿಗೆ, ಮೆಣಸಿನಕಾಯಿ ಸೇರಿಸಿ ಕುಟ್ಟಿ ಕಡ್ಡಿಗೆ ಚುಚ್ಚಿದರೆ ಚಿಗಳಿ. ಬೀಜ ಎಸೆಯುವಂತಿಲ್ಲ, ಕಲ್ಲಿನ ಮೇಲೆ ಒಂದು ಮಗ್ಗುಲು ತೇದರೆ ಚೌಕಾಬಾರಕ್ಕೆ ಕವಡೆ ಬೇಕಿಲ್ಲ. ಹುಣಸೆಮರದಲ್ಲಿ ದೆವ್ವ ಇದೆ ಎಂದು ನಮ್ಮನ್ನು ಹೆದರಿಸುತ್ತಿದ್ದರು. ಸಂಜೆಯಾದರೆ ಅದರ ಪುಟ್ಟ ಎಲೆಗಳು ಜೋಡಿ ಜೋಡಿಯಾಗಿ ಮಡಚಿಕೊಳ್ಳುವುದನ್ನು ನೋಡಿದ್ದೇನೆ, ದೆವ್ವವನ್ನು ನೋಡಿಲ್ಲ.

ಇದರ ಮೂಲ ಆಫ್ರಿಕಾ. ಆದರೂ ಅರಬರು ಇದಕ್ಕೆ ‘ಹಿಂದ್ ದೇಶದ ಖರ್ಜೂರ’ ಎಂದು ಹೆಸರಿಟ್ಟರು ಎಂದರೆ ನಮ್ಮ ನೆಲದಲ್ಲಿ ಎಷ್ಟು ಹಿಂದೆಯೇ ಬೇರು ಬಿಟ್ಟಿದೆ ನೋಡಿ. ದೇವನಹಳ್ಳಿಯ ಹತ್ತಿರದ ನಲ್ಲೂರು ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಣೆಯಾಯಿತು. ಅಲ್ಲಿನ ಮುದಿ ಮರಗಳ ಕಾಂಡ ಪೊಳ್ಳಾಗಿ ಸೀಳಿದ್ದರೂ ತಲೆಯ ಮೇಲೆ ಚಿಗುರು ಬರುತ್ತದೆ. ‘ಹುಣಸೆ ಮುಪ್ಪಾದರೆ ಹುಳಿ ಮುಪ್ಪೇ?’ ಎಂಬ ಗಾದೆಯನ್ನು ನನ್ನಂಥ ಮುದುಕರು ಆಗಾಗ ಹೇಳಿಕೊಳ್ಳುವುದಕ್ಕೆ ಕಾರಣವಿದೆ. ಫೋಟೊಗೆ ನನ್ನ ಹಳೆಯ ಶಾಲೆಯ ಅಂಗಳದ ಹುಣಸೆಯೇ ಸಾಕಾಯಿತು.

ಮೊದಲ ಸ್ಥಾನ ಹೊಂಗೆಗೆ. ಈ ಬಗ್ಗೆ ನನಗೆ ಯಾವ ಅನುಮಾನವೂ ಇರಲಿಲ್ಲ.

ಬೇಸಿಗೆ ಬಂದರೆ ಎಷ್ಟೋ ಮರಗಳು ಬೋಳಾಗಿ ನಿಲ್ಲುತ್ತವೆ. ಹೊಂಗೆ ಬಿಸಿಲು ಏರುವ ಮೊದಲೇ ಹಳೆಯ ಎಲೆ ಉದುರಿಸಿ, ಯುಗಾದಿಯ ಹೊತ್ತಿಗೆ ಎಣ್ಣೆ ಸವರಿದಂತೆ ಹೊಳೆಯುವ ಹೊಸ ಎಲೆ ಹೊದ್ದು ನಿಂತಿರುತ್ತದೆ. ನಮಗೆ ನೆರಳು ಬೇಕಾದಾಗಲೇ ಅದರಲ್ಲಿ ನೆರಳು ದಟ್ಟ. ಆಮೇಲೆ ಹೂವು, ಬಿಳುಪಿಗೆ ತಿಳಿ ನೇರಳೆ ಬೆರೆಸಿದ ಬಣ್ಣ. ಬೆಳಗ್ಗೆ ಎದ್ದರೆ ಮರದ ಕೆಳಗೆ ಪುರಿ ಚೆಲ್ಲಿದ ಹಾಗಿರುತ್ತದೆ, ಮರದ ತುಂಬ ಜೇನುನೊಣದ ಝೇಂಕಾರ. ಬೀಜದ ಎಣ್ಣೆ ಅಡುಗೆಗೆ ಬಾರದು, ಆದರೆ ಕರೆಂಟು ಬರುವ ಮುಂಚೆ ಊರಿನ ದೀಪ ಉರಿದಿದ್ದು ಅದರಿಂದ. ಹಿಂಡಿ ಗೊಬ್ಬರವಾಗುತ್ತದೆ, ಸೊಪ್ಪು ಗದ್ದೆಗೆ ಹೋಗುತ್ತದೆ. ಅವರೆ, ತೊಗರಿಯ ಕುಲಕ್ಕೇ ಸೇರಿದ ಇದರ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಉಣಿಸುತ್ತವೆ. ಎಲೆ ಹೊಸಕಿದರೆ ಬರುವ ಘಾಟು ವಾಸನೆಯನ್ನು ಕಣ್ಣು ಮುಚ್ಚಿಕೊಂಡೇ ಹೇಳಬಲ್ಲೆ.

“ಎಲ್ಲಿದೆ ತಾತ? ಬನ್ನಿ, ಫೋಟೊ ತೆಗೀತೀನಿ.”

“ನಮ್ಮನೆ ಮುಂದೇನೇ ಇತ್ತು ಪುಟ್ಟಿ. ಈಗ ಕಾರು ನಿಂತಿದೆಯಲ್ಲ, ಅಲ್ಲಿ.”

“ಬಿದ್ದೋಯ್ತಾ?”

“ಇಲ್ಲ. ನಾನೇ ಕಡಿಸಿದೆ.”

ಆ ಹೊಂಗೆಯನ್ನು ನೆಟ್ಟವರು ನನ್ನ ಅಪ್ಪ, ಈ ಮನೆ ಕಟ್ಟಿಸಿದ ವರ್ಷ. ಅದರ ಕೆಳಗಿನ ಕಲ್ಲುಚಪ್ಪಡಿಯ ಮೇಲೆ ನನ್ನ ಅಮ್ಮ ದಿನಾ ಬೆಳಗ್ಗೆ ಅವರೆಕಾಯಿ ಸುಲಿಯುತ್ತಲೋ ಅಕ್ಕಿ ಆರಿಸುತ್ತಲೋ ಕೂರುತ್ತಿದ್ದರು. ಸೊಪ್ಪು ಮಾರುವ ಹೆಂಗಸು ಬುಟ್ಟಿ ಇಳಿಸಿ ಅವರ ಜೊತೆ ಸುಖ ದುಃಖ ಮಾತಾಡಿ, ಒಂದು ಲೋಟ ಮಜ್ಜಿಗೆ ಕುಡಿದು ಮುಂದೆ ಹೋಗುತ್ತಿದ್ದಳು. ಮನೆಗೆ ಕಾರು ಬಂದಾಗ ನಿಲ್ಲಿಸಲು ಜಾಗ ಬೇಕಾಯಿತು. ಎಲೆ ಉದುರಿ ಚರಂಡಿ ಕಟ್ಟುತ್ತದೆ, ಬೇರು ಸಂಪಿನ ಕಡೆ ಹೋಗುತ್ತದೆ ಎಂದು ಕಾರಣಗಳನ್ನೂ ಜೋಡಿಸಿಕೊಂಡೆ. ಅರ್ಜಿಯನ್ನು ನಾನೇ ದುಂಡಗೆ ಬರೆದೆ. ನಲವತ್ತು ವರ್ಷದ ಮರ ಮಧ್ಯಾಹ್ನದ ಊಟದೊಳಗೆ ಲಾರಿ ಹತ್ತಿತು.

ಅಮ್ಮ ಬೈಯಲಿಲ್ಲ. ಮಾರನೆಯ ಬೆಳಗ್ಗೆ ಮೊರ ಹಿಡಿದು ಬಾಗಿಲಿಗೆ ಬಂದು, ಬಿಸಿಲು ನೋಡಿ, “ನಾನಿನ್ನು ಎಲ್ಲಿ ಕೂತ್ಕೊಳ್ಳಲಪ್ಪಾ?” ಎಂದರು. ಆಮೇಲೆ ಒಳಗೆ ಟೀವಿಯ ಮುಂದೆ ಕೂರುವುದು ರೂಢಿ ಮಾಡಿಕೊಂಡರು. ಸೊಪ್ಪಿನವಳು ಬಿಸಿಲಲ್ಲಿ ಬುಟ್ಟಿ ಇಳಿಸದೆ ಕೂಗಿಕೊಂಡು ಹೋಗತೊಡಗಿದಳು. ಅಮ್ಮ ಅದಾದ ಮೇಲೆ ಮೂರು ವರ್ಷ ಇದ್ದರು. ಆ ಮೂರು ವರ್ಷದಲ್ಲಿ ಅವರಿಗೊಂದು ನೆರಳು ಕೊಡಲು ನನ್ನಿಂದ ಆಗಲಿಲ್ಲ.

ಇಷ್ಟನ್ನೂ ಮೊಮ್ಮಗಳಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಕಾರನ್ನೇ ನೋಡುತ್ತಿದ್ದಳು. ಆಮೇಲೆ ಫೋಟೊ ಅಂಟಿಸುವ ಜಾಗದಲ್ಲಿ ಬರೆದಳು: ‘ಫೋಟೊ ಇಲ್ಲ. ತಾತ ಕಡಿಸಿದರು.’

“ಅದನ್ನ ಬರೀಲೇಬೇಕೇನೆ?” ಎಂದೆ.

“ನಿಜ ಬರೀಬೇಕು ಅಂತ ನೀವೇ ತಾನೇ ಹೇಳೋದು?”

ಮೂರನೆಯ ನಿಯಮದ ಪ್ರಕಾರ ಹೊಂಗೆ ಅನುತ್ತೀರ್ಣವಾಗಬೇಕಿತ್ತು. ಅವಳೇ ಒಂದು ದಾರಿ ಹುಡುಕಿದಳು. ಉಳಿದ ನಾಲ್ಕು ಹೆಸರುಗಳನ್ನು ಪೆನ್ನಿನಲ್ಲಿ ಬರೆದಳು, ಹೊಂಗೆಯನ್ನು ಪೆನ್ಸಿಲ್‌ನಲ್ಲಿ. ಮರ ಬಂದ ಮೇಲೆ ಪೆನ್ನಿನಲ್ಲಿ ತಿದ್ದುತ್ತಾಳಂತೆ.

ಆವತ್ತೇ ಸಂಜೆ ಕೆರೆಯ ಕಡೆಯ ಹೊಂಗೆಗಳ ಕೆಳಗೆ ಬಿದ್ದಿದ್ದ ಕಾಯಿ ಆರಿಸಿ ತಂದೆವು. ಮಕ್ಕಳೇ, ಇದು ನೀವೂ ಮಾಡಬಹುದಾದ ಕೆಲಸ. ಸಿಪ್ಪೆ ಒಡೆದು ಬೀಜ ತೆಗೆದು ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿ. ಹಳೆಯ ಹಾಲಿನ ಪ್ಯಾಕೆಟ್ಟಿಗೆ ತಳದಲ್ಲಿ ತೂತು ಮಾಡಿ, ಮಣ್ಣು, ಮರಳು, ಗೊಬ್ಬರ ಬೆರೆಸಿ ತುಂಬಿ, ಒಂದು ಬೆರಳ ಗೆಣ್ಣಿನಷ್ಟು ಆಳಕ್ಕೆ ಬೀಜ ಊರಿ. ಮಣ್ಣು ತೇವವಾಗಿದ್ದರೆ ಸಾಕು, ಕೆಸರಾಗಬಾರದು. ನಾವು ಐದು ಬೀಜ ಹಾಕಿದೆವು. ಹದಿನೈದು ದಿನದೊಳಗೆ ಮೂರು ಮೊಳಕೆ ಬಂದವು. ಮುಂದಿನ ಮಳೆಗಾಲಕ್ಕೆ ಗಟ್ಟಿಯಾದದ್ದನ್ನು ಹಳೆಯ ಜಾಗದಲ್ಲೇ ನೆಡುವುದೆಂದು ಮಾತಾಗಿದೆ. ಕಾರಿನ ಗತಿಯೇನು ಎಂದು ಮಗನನ್ನು ಕೇಳಿದೆ. “ಬಿಸಿಲಲ್ಲಿ ನಿಂತು ಸೀಟು ಕಾದ ಹಂಚಾಗುತ್ತೆ ಅಪ್ಪ. ಸ್ವಲ್ಪ ಪಕ್ಕಕ್ಕೆ ನಿಲ್ಲಿಸ್ತೀನಿ, ನೆಡಿ” ಎಂದ.

ಅಜ್ಜ ಅಜ್ಜಿಯರೇ, ನಿಮ್ಮ ಐದು ಮರಗಳನ್ನು ಈ ವಾರ ಮೊಮ್ಮಕ್ಕಳಿಗೆ ಹೇಳಿ. ಇರುವುದನ್ನು ತೋರಿಸಿ, ಇಲ್ಲದಿರುವುದು ಯಾಕಿಲ್ಲ ಎಂಬುದನ್ನೂ ಹೇಳಿ. ಮಕ್ಕಳೇ, ನೀವು ಬಿಡದೆ ಕೇಳಿ.

ಮೊಮ್ಮಗಳು ಊರಿಗೆ ಹೋಗಿ ಮೂರು ವಾರವಾಯಿತು. ದಿನಾ ಸಂಜೆ ಫೋನು ಮಾಡುತ್ತಾಳೆ. ಊಟ ಆಯಿತಾ ಎಂದು ಅಜ್ಜಿಯನ್ನು ಕೇಳುತ್ತಾಳೆ. ನನ್ನನ್ನು ಕೇಳುವುದು ಒಂದೇ ಪ್ರಶ್ನೆ, “ಎಷ್ಟು ಎಲೆ ಆಯ್ತು ತಾತ?”

ನಿನ್ನೆಗೆ ಆರು.