ಒಂದೇ ಪಂಕ್ತಿಯ ಊಟ ಬೇಡವೆನ್ನುವವರಿಗೆ

ಕಥೋಲಿಕ ಯಾಜಕರಾಗುವ ಹುಡುಗರನ್ನು ಗುರುಮಠದಲ್ಲಿ ವರ್ಷಗಟ್ಟಲೆ ಇರಿಸಿಕೊಳ್ಳುವುದು ಹಳೆಯ ಪದ್ಧತಿ, ಮನೆಯಲ್ಲಿದ್ದೇ ಓದಲಿ ಎಂದು ಕಳೆದ ಸಂಚಿಕೆಯ ಲೇಖಕರು ವಾದಿಸಿದ್ದಾರೆ. ಪದ್ಧತಿ ಹಳೆಯದು, ನಿಜ. 1563ರಲ್ಲಿ ಟ್ರೆಂಟ್ ಮಹಾಸಭೆ ಹಾಕಿಕೊಟ್ಟದ್ದು. ಹಳೆಯದೆಂಬ ಒಂದೇ ಕಾರಣಕ್ಕೆ ಅದು ತಪ್ಪಾಗುವುದಿಲ್ಲ.

ಲೇಖಕರು ವಿಶಾಖಪಟ್ಟಣ, ವಿಜಯವಾಡಗಳ ಹೆಸರೆತ್ತಿದ್ದಾರೆ. ಅಲ್ಲಿಂದಲೇ ನೋಡೋಣ. ತೆಲುಗು ಕಥೋಲಿಕರಲ್ಲಿ ದಲಿತರೇ ಹೆಚ್ಚು. ರೆಡ್ಡಿ, ಕಮ್ಮ ಕುಟುಂಬಗಳೂ ಇವೆ. ಊರಲ್ಲಿ ಇವರ ಕೇರಿಗಳು ಬೇರೆ ಬೇರೆ. ಮನೆಯಲ್ಲೇ ಉಳಿದ ಹುಡುಗ ತನ್ನ ಕೇರಿಯನ್ನು ಎದೆಯಲ್ಲಿಟ್ಟುಕೊಂಡೇ ಬಲಿಪೀಠದ ಮುಂದೆ ನಿಲ್ಲುತ್ತಾನೆ. ಎಲ್ಲರೊಂದಿಗೆ ಒಂದೇ ಪಂಕ್ತಿಯಲ್ಲಿ ಉಂಡು, ಸರದಿಯಂತೆ ಪಾತ್ರೆ ತೊಳೆದು, ಜ್ವರದಲ್ಲಿ ನರಳುವ ಜೊತೆಗಾರನ ಪಕ್ಕ ರಾತ್ರಿಯೆಲ್ಲ ಕೂತವನಿಗೆ ದಕ್ಕುವ ಪಾಠ ಯಾವ ಪುಸ್ತಕದಲ್ಲೂ ಇಲ್ಲ. ಗುರುಮಠದೊಳಗೂ ಜಾತಿ ನುಸುಳುತ್ತದೆ, ಒಪ್ಪುತ್ತೇನೆ. ಆದರೆ ಅದನ್ನು ದಿನವೂ ಕಂಡು ತಿದ್ದಲು ಸಾಧ್ಯವಿರುವುದೂ ಅಲ್ಲೇ.

ಧರ್ಮಸಭೆಯ ಕಾನೂನು ಕೇಳುವ ಎರಡು ವರ್ಷದ ತತ್ವಶಾಸ್ತ್ರ, ನಾಲ್ಕು ವರ್ಷದ ದೈವಶಾಸ್ತ್ರವನ್ನು ಪುಸ್ತಕದಿಂದ ಕಲಿತುಬಿಡಬಹುದು. ಆದರೆ ಪೋಪ್ ಎರಡನೇ ಜಾನ್ ಪಾಲರು 1992ರಲ್ಲಿ ಯಾಜಕ ತರಬೇತಿಗೆಲ್ಲ ಬುನಾದಿ ಎಂದದ್ದು ಮನುಷ್ಯನಾಗಿ ಮಾಗುವುದನ್ನು. ಅದಕ್ಕೆ ಜೊತೆಗಿರುವ ಮನುಷ್ಯರು ಬೇಕು.

ತೆಲುಗು ನಾಡಿನ ಪೂಲಾ ಆಂಟನಿಯವರು ಮೊದಲ ದಲಿತ ಕಾರ್ಡಿನಲ್ ಆದದ್ದು 2022ರಲ್ಲಿ, ಅಷ್ಟು ತಡವಾಗಿ. ಇಂಥ ಸಭೆಯಲ್ಲಿ ಸಹಜೀವನವನ್ನು ಕಡಿಮೆ ಮಾಡಿ ಎನ್ನುವುದು ಅನ್ಯಾಯ. ಹುಡುಗರ ದೂರು ಕೇಳುವ ವ್ಯವಸ್ಥೆ ಬಲವಾಗಲಿ, ಹಳ್ಳಿಯ ಧರ್ಮಕೇಂದ್ರಗಳಲ್ಲಿ ಅವರು ಹೆಚ್ಚು ದಿನ ದುಡಿಯಲಿ ಎಂದು ಬರೆಯಿರಿ, ನಾನೂ ಸಹಿ ಹಾಕುತ್ತೇನೆ. ಗುರುಮಠದ ಬಾಗಿಲು ಮುಚ್ಚಿ ಎಂದು ಮಾತ್ರ ಬರೆಯಬೇಡಿ.