ಹೋರಾಡಿ ಗಳಿಸಿದ ನೆಮ್ಮದಿ ಹರಾಜಿಗೆ ಬಿದ್ದಿದೆ

ಡಚ್ ನಾಡಿನ ಮನೆ ದಲ್ಲಾಳಿಗಳು ಇವತ್ತು ಇಟ್ಟಿಗೆ, ಗಾರೆ, ಹೆಂಚಿನ ಜೊತೆಗೆ ಬೀದಿಯ ನೆಮ್ಮದಿಯನ್ನೂ ಮಾರುತ್ತಿದ್ದಾರೆ. ಕೆಂಪು ಇಟ್ಟಿಗೆಯ ಸಾಲುಮನೆ, ಹಿಂದೊಂದು ಪುಟ್ಟ ಹಿತ್ತಲು, ಸೈಕಲ್ ನಿಲ್ಲಿಸಲು ಶೆಡ್ಡು, ಮಕ್ಕಳು ಬೀದಿಯಲ್ಲೇ ಆಡಿಕೊಳ್ಳುವಷ್ಟು ವಾಹನದ ಕಾಟವಿಲ್ಲದ ಜಾಗ. 2024ರಲ್ಲಿ ಆ ದೇಶದಲ್ಲಿ ಕೈಬದಲಾದ ಮನೆಗಳ ಸರಾಸರಿ ಬೆಲೆ ಸುಮಾರು 4.5 ಲಕ್ಷ ಯೂರೋ. ಬ್ಯಾಂಕು ಕೊಡುವ ಸಾಲ ವರ್ಷದ ಸಂಬಳದ ಹೆಚ್ಚೂಕಡಿಮೆ ನಾಲ್ಕೂವರೆ ಪಟ್ಟು. ಅಂದರೆ ಸರಾಸರಿ ಮನೆಗೆ ವರ್ಷಕ್ಕೆ 1 ಲಕ್ಷ ಯೂರೋ ದುಡಿಯಬೇಕಿತ್ತು. ಆಸ್ಪತ್ರೆಯ ದಾದಿ, ಶಾಲೆಯ ಮೇಷ್ಟ್ರು, ಟ್ರಾಮ್ ಓಡಿಸುವವನು ಒಬ್ಬೊಬ್ಬರೇ ದುಡಿದು ಅದರ ಹತ್ತಿರಕ್ಕೂ ಬರಲಾರರು. ಊರನ್ನು ನಡೆಸುವ ಜನಕ್ಕೆ ಊರಿನಲ್ಲಿ ಜಾಗವಿಲ್ಲ. ಈ ನೆಮ್ಮದಿಯನ್ನು ಗಳಿಸಿದವರು ಯಾರು, ಇದಕ್ಕೆ ಬೆಲೆ ಕಟ್ಟುತ್ತಿರುವವರು ಯಾರು ಎಂದು ಕೇಳದೆ ಈ ಮಾರುಕಟ್ಟೆಯ ಮಾತಾಡುವುದು ಮೋಸ.

ನೂರಿಪ್ಪತ್ತೈದು ವರ್ಷದ ಹಿಂದೆ ಆಮ್‌ಸ್ಟರ್‌ಡ್ಯಾಮಿನ ಕೂಲಿಕಾರರು ಎಲ್ಲಿದ್ದರು? ಯೋರ್ಡಾನ್ ಕೇರಿಯ ನೆಲಮಾಳಿಗೆಗಳಲ್ಲಿದ್ದರು. ಕಾಲುವೆಯ ನೀರು ಗೋಡೆಗೆ ಹತ್ತಿ ಜಿನುಗುತ್ತಿತ್ತು. ಒಂದೇ ಕೋಣೆಯಲ್ಲಿ ಇಡೀ ಸಂಸಾರ ಉಂಡು, ಮಲಗಿ, ಕಾಯಿಲೆ ಬಿದ್ದು ಸಾಯುತ್ತಿತ್ತು. 1901ರಲ್ಲಿ ವಸತಿ ಕಾಯ್ದೆ ಬಂತು. ವಾಸಕ್ಕೆ ಯೋಗ್ಯವಲ್ಲದ ಮನೆಯನ್ನು ಮುಚ್ಚಿಸುವ ಅಧಿಕಾರ ನಗರಾಡಳಿತಕ್ಕೆ ಸಿಕ್ಕಿತು; ಲಾಭಕ್ಕಲ್ಲದೆ ಮನೆ ಕಟ್ಟುವ ವಸತಿ ಸಂಘಗಳಿಗೆ ಸರ್ಕಾರದ ಹಣ ಸಿಕ್ಕಿತು. 1914ರಿಂದ ಆಮ್‌ಸ್ಟರ್‌ಡ್ಯಾಮಿನ ವಸತಿ ಹೊಣೆ ಹೊತ್ತ ಸಮಾಜವಾದಿ ಫ್ಲೋರ್ ವೀಬೌಟ್ ಕಾರ್ಮಿಕರಿಗಾಗಿ ಸಾವಿರಗಟ್ಟಲೆ ಮನೆ ಕಟ್ಟಿಸಿದ. 1920ರ ಸುಮಾರಿಗೆ ವಾಸ್ತುಶಿಲ್ಪಿ ಮಿಖೆಲ್ ಡೆ ಕ್ಲೆರ್ಕ್ ಒಂದು ವಸತಿ ಸಂಘಕ್ಕೆ ಕಟ್ಟಿಕೊಟ್ಟ 'ಹೆಟ್ ಸ್ಖಿಪ್' ಎಂಬ ವಠಾರವನ್ನು ನೋಡಲು ಇವತ್ತಿಗೂ ಜಗತ್ತಿನ ಮೂಲೆಮೂಲೆಯಿಂದ ಜನ ಬರುತ್ತಾರೆ. ಗೋಪುರ, ಬಾಗಿದ ಇಟ್ಟಿಗೆ ಗೋಡೆ, ಕುಸುರಿಯ ಕಿಟಕಿ, ಎಲ್ಲವೂ ಕೂಲಿಕಾರರ ಮನೆಗೆ. ಬಡವನ ಮನೆ ಚೆಂದವಿರಬೇಕು ಎಂಬ ಹಟದಿಂದ ಒಂದು ನಗರ ಖಜಾನೆ ತೆರೆದಿತ್ತು.

ನಗರದ ಪೂರ್ವಕ್ಕೆ, 1920ರ ದಶಕದಲ್ಲೇ, ಬೆಟಾನ್‌ಡೋರ್ಪ್ ಎದ್ದಿತು. ಕಾಂಕ್ರೀಟಿನಲ್ಲಿ ಕಟ್ಟಿದ ತಗ್ಗು ಮನೆಗಳು, ತೋಟ, ನಡುವೆ ಗ್ರಂಥಾಲಯ. 1947ರಲ್ಲಿ ಹುಟ್ಟಿದ ಮಹಾ ಫುಟ್ಬಾಲಿಗ ಯೋಹಾನ್ ಕ್ರೈಫ್ ಬೆಳೆದದ್ದು ಅಲ್ಲೇ, ತರಕಾರಿ ಮಾರುವವನ ಮಗನಾಗಿ. ತಂದೆ ತೀರಿದ ಮೇಲೆ ಅವನ ತಾಯಿ ಅಯಾಕ್ಸ್ ಕ್ಲಬ್ಬಿನಲ್ಲಿ ನೆಲ ಒರೆಸಿ ಮಕ್ಕಳನ್ನು ಸಾಕಿದಳು. ನೆಲ ಒರೆಸುವ ವಿಧವೆಯೊಬ್ಬಳು ತೋಟದ ಬಡಾವಣೆಯಲ್ಲಿ ಮಕ್ಕಳನ್ನು ಬೆಳೆಸುವುದು ಆ ದೇಶದಲ್ಲಿ ಆಗುತ್ತಿತ್ತು. ಇವತ್ತು ಅದೇ ಕೆಲಸ ಮಾಡುವ ಹೆಂಗಸು ಆಮ್‌ಸ್ಟರ್‌ಡ್ಯಾಮಿನಲ್ಲಿ ಕಡಿಮೆ ಬಾಡಿಗೆಯ ಮನೆಗೆ ಹೆಸರು ಬರೆಸಿ ಹತ್ತು ವರ್ಷಕ್ಕೂ ಮೇಲೆ ಕಾಯಬೇಕು.

ಬೀದಿಯ ನೆಮ್ಮದಿಯ ಕಥೆ ಇನ್ನೂ ಕಟುವಾದದ್ದು. 1971ರಲ್ಲಿ ಆ ಚಿಕ್ಕ ದೇಶದ ರಸ್ತೆಗಳಲ್ಲಿ 3,000ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ತಾಯಂದಿರು, ತಂದೆಯಂದಿರು ಬೀದಿಗಿಳಿದರು. 'ಮಕ್ಕಳ ಕೊಲೆ ನಿಲ್ಲಿಸಿ' ಎಂಬ ಹೆಸರಿನಲ್ಲೇ ಸಂಘಟನೆ ಕಟ್ಟಿದರು. ಕಾರುಗಳಿಗೆ ಅಡ್ಡಲಾಗಿ ನಿಂತರು, ರಸ್ತೆ ಮುಚ್ಚಿ ಮಕ್ಕಳನ್ನು ಆಡಲು ಬಿಟ್ಟರು. ಡೆಲ್ಫ್ಟ್ ನಗರದ ನಿವಾಸಿಗಳು ರಸ್ತೆಯ ಕಲ್ಲು ಕಿತ್ತು, ಗಿಡ ನೆಟ್ಟು, ಕಾರು ಮನುಷ್ಯನ ನಡಿಗೆಯ ವೇಗಕ್ಕೆ ಇಳಿಯುವಂತೆ ಮಾಡಿದರು. 1976ರಲ್ಲಿ ಸರ್ಕಾರ ಅಂಥ ಬೀದಿಗಳಿಗೆ ಕಾನೂನಿನ ಮುದ್ರೆ ಒತ್ತಿತು. ಇವತ್ತು ದಲ್ಲಾಳಿ ಮನೆಯ ಗುಣಗಳ ಪಟ್ಟಿಯಲ್ಲಿ 'ಮಕ್ಕಳಿಗೆ ಸುರಕ್ಷಿತ' ಎಂದು ಬರೆದು ಬೆಲೆ ಏರಿಸುತ್ತಾನಲ್ಲ, ಆ ಸುರಕ್ಷೆಗೆ ಬೆಲೆ ತೆತ್ತವರು ಸತ್ತ ಮಕ್ಕಳು. ಅದನ್ನು ಗೆದ್ದುಕೊಟ್ಟವರು ಬೀದಿಗಿಳಿದ ತಾಯಂದಿರು, ತಂದೆಯಂದಿರು.

ಹೀಗೆ ಗಳಿಸಿದ್ದನ್ನು ಕಳೆದವರು ಯಾರು? ಕಳೆದ ಕೈಗಳಿಗೆ ಹೆಸರಿದೆ, ಇಸವಿಯಿದೆ. 1995ರಲ್ಲಿ ಸರ್ಕಾರ ವಸತಿ ಸಂಘಗಳ ಜೊತೆಗಿನ ಹಣದ ನಂಟು ಕಡಿದುಕೊಂಡಿತು. ಅವು ವ್ಯಾಪಾರಿಗಳಂತೆ ಬದುಕಲು ಕಲಿತವು, ಜೂಜನ್ನೂ ಕಲಿತವು. ವೆಸ್ಟಿಯಾ ಎಂಬ ದೊಡ್ಡ ಸಂಘ ಬಡ್ಡಿದರದ ಏರಿಳಿತಕ್ಕೆ ಕಟ್ಟಿದ ಡೆರಿವೇಟಿವ್ ಒಪ್ಪಂದಗಳ ಮೇಲೆ ಪಣ ಹೂಡಿ, 2012ರಲ್ಲಿ ಆ ಒಪ್ಪಂದಗಳಿಂದ ಹೊರಬರಲು ಸುಮಾರು 200 ಕೋಟಿ ಯೂರೋ ಸುರಿಯಿತು. ಅದು ಬಾಡಿಗೆದಾರರ ಹಣ. 2010ರಲ್ಲಿ ವಸತಿಯ ಹೊಣೆ ಹೊತ್ತಿದ್ದ ಸಚಿವಾಲಯವನ್ನು ಮುಚ್ಚಲಾಯಿತು. ಅದೇ ವರ್ಷ ಅಕ್ಟೋಬರ್ 1ರಿಂದ ಖಾಲಿ ಕಟ್ಟಡಗಳಿಗೆ ನುಗ್ಗಿ ನೆಲೆಸುವುದು ಅಪರಾಧವಾಯಿತು. 1980ರ ಏಪ್ರಿಲ್ 30ರಂದು, ರಾಣಿ ಬೇಆಟ್ರಿಕ್ಸ್‌ಳ ಪಟ್ಟಾಭಿಷೇಕದ ದಿನ, ಮನೆಯಿಲ್ಲದಿದ್ದರೆ ಪಟ್ಟವೂ ಇಲ್ಲ ಎಂದು ಇಡೀ ಆಮ್‌ಸ್ಟರ್‌ಡ್ಯಾಮನ್ನು ನಡುಗಿಸಿದ ಯುವಜನರ ಕೊನೆಯ ಅಸ್ತ್ರವೂ ಹೀಗೆ ಹೋಯಿತು. 2013ರಲ್ಲಿ ವಸತಿ ಸಂಘಗಳ ಕಡಿಮೆ ಬಾಡಿಗೆಯ ಮನೆಗಳ ಮೇಲೆಯೇ ತೆರಿಗೆ ಹಾಕಿದರು. ಉತ್ತುಂಗದಲ್ಲಿ ಅದು ವರ್ಷಕ್ಕೆ ಸುಮಾರು 170 ಕೋಟಿ ಯೂರೋ. ಸಂಘಗಳು ಹೊಸ ಮನೆ ಕಟ್ಟುವುದನ್ನು ಕಡಿತ ಮಾಡಿದವು, ಇದ್ದ ಮನೆಗಳನ್ನು ಮಾರಿದವು. ಹತ್ತು ವರ್ಷ ಹೀರಿದ ಮೇಲೆ, 2023ರ ಜನವರಿಯಲ್ಲಿ, ಆ ತೆರಿಗೆ ರದ್ದಾಯಿತು.

ಇನ್ನೊಂದು ಕಡೆ, ಸ್ವಂತ ಮನೆಯಿದ್ದವನು ಸಾಲದ ಬಡ್ಡಿಯನ್ನು ತೆರಿಗೆ ಕಟ್ಟಬೇಕಾದ ಆದಾಯದಿಂದ ಕಳೆಯುತ್ತಲೇ ಇದ್ದ, ಇವತ್ತಿಗೂ ಕಳೆಯುತ್ತಾನೆ. ಬಾಡಿಗೆದಾರನ ಮನೆಗೆ ತೆರಿಗೆ, ಒಡೆಯನ ಮನೆಗೆ ವಿನಾಯಿತಿ. ಇದನ್ನು ಲೂಟಿ ಎನ್ನದೆ ಬೇರೆ ಹೆಸರಿನಿಂದ ಕರೆಯಲು ನಾನು ಸಿದ್ಧನಿಲ್ಲ.

ಈಗ ಕೊಳ್ಳುವ ವಿಧಾನ ನೋಡಿ. ಕೇಳಿದ ಬೆಲೆ ಒಂದು ಆಮಿಷ. ಕಾಲು ಗಂಟೆ ಮನೆ ನೋಡಲು ಬಿಡುತ್ತಾರೆ. ಹೊರಗೆ ಇನ್ನೊಂದು ಜೋಡಿ, ಅದರ ಹಿಂದೆ ಮತ್ತೊಂದು. ಆಮೇಲೆ ಪಕ್ಕದವನು ಎಷ್ಟು ಬರೆದಿದ್ದಾನೆಂದು ಗೊತ್ತಿಲ್ಲದೆ ಕತ್ತಲಲ್ಲಿ ಬೆಲೆ ಕೂಗಬೇಕು. ಮಾರುವವನ ದಲ್ಲಾಳಿಗೆ ಎಲ್ಲ ಲೆಕ್ಕ ಗೊತ್ತು, ಕೊಳ್ಳುವವನಿಗೆ ತನ್ನ ಭಯ ಮಾತ್ರ ಗೊತ್ತು. ಗೆಲ್ಲಬೇಕೆಂದರೆ ಸಾಲ ಸಿಗದಿದ್ದರೆ ಹಿಂದೆ ಸರಿಯುತ್ತೇನೆಂಬ ಷರತ್ತು ಬಿಡಬೇಕು. ಬಿಟ್ಟ ಮೇಲೆ ಸಾಲ ಸಿಗದೆಹೋದರೆ ಮನೆಯ ಬೆಲೆಯ ಶೇ. 10 ದಂಡ. ಅಡಿಪಾಯದ ಪರೀಕ್ಷೆಯನ್ನೂ ಎಷ್ಟೋ ಜನ ಕೈಬಿಡುತ್ತಾರೆ. ಕೆಸರು ನೆಲದಲ್ಲಿ ಮರದ ಕಂಬಗಳ ಮೇಲೆ ನಿಂತ ಹಳೆ ಮನೆಗಳ ದೇಶ ಅದು. ನೆಲದೊಳಗಿನ ನೀರು ಇಳಿದರೆ ಆ ಕಂಬ ಕೊಳೆಯುತ್ತದೆ.

2018ರಿಂದ ಬ್ಯಾಂಕು ಮನೆಯ ಅಂದಾಜು ಬೆಲೆಯಷ್ಟಕ್ಕೆ ಮಾತ್ರ ಸಾಲ ಕೊಡುತ್ತದೆ. ಅದರ ಮೇಲೆ ಕೂಗಿದ್ದು, ನೋಟರಿ, ನೋಂದಣಿ, ದಲ್ಲಾಳಿಯ ಖರ್ಚು, ಎಲ್ಲ ಜೇಬಿನಿಂದ. ಯಾರ ಜೇಬು? ಅಪ್ಪ ಅಮ್ಮನ ಜೇಬು. 2017ರಿಂದ 2022ರವರೆಗೆ ನಲವತ್ತರ ಒಳಗಿನವರು ಮನೆಗೆಂದು ಸುಮಾರು 1 ಲಕ್ಷ ಯೂರೋ ದಾನ ಪಡೆದರೆ ಸರ್ಕಾರ ಒಂದು ಸೆಂಟೂ ತೆರಿಗೆ ಕೇಳುತ್ತಿರಲಿಲ್ಲ. 2024ರಲ್ಲಿ ಆ ವಿನಾಯಿತಿ ಪೂರ್ತಿ ತೆಗೆದರು. ಅಷ್ಟರಲ್ಲಿ ಮನೆಯಿದ್ದವರ ಮಕ್ಕಳು ಮನೆ ಸೇರಿಯಾಗಿತ್ತು. ಮೊರಾಕ್ಕೊದಿಂದ, ಟರ್ಕಿಯಿಂದ 1960ರ ದಶಕದಲ್ಲಿ ಕರೆತಂದು ಕಾರ್ಖಾನೆಗೆ ಹಚ್ಚಿದ ಕೂಲಿಯ ಮೊಮ್ಮಗಳಿಗೆ ಆ ಲಕ್ಷ ಎಲ್ಲಿಂದ ಬರಬೇಕಿತ್ತು? ಹುಟ್ಟಿನಿಂದ ಯೋಗ್ಯತೆ ಅಳೆಯುವ ವ್ಯವಸ್ಥೆ ಎಂಥದೆಂದು ಕನ್ನಡದ ಓದುಗರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ರಾಟರ್‌ಡ್ಯಾಮಿನಲ್ಲಿ ಬಡವರನ್ನು ಹೊರಗಿಡಲು ಕಾನೂನೇ ಬಂತು. 2006ರಲ್ಲಿ, ಆ ನಗರ ಪ್ರದೇಶಕ್ಕೆ ಬಂದು ಆರು ವರ್ಷವಾಗದ, ದುಡಿಮೆಯ ಆದಾಯವೂ ಇಲ್ಲದ ಬಡವನಿಗೆ ಕೆಲವು ಬಡಾವಣೆಗಳಲ್ಲಿ ಬಾಡಿಗೆ ಮನೆ ನಿರಾಕರಿಸಲು ಅವಕಾಶವಾಯಿತು. ಅದೇ ನಗರದ ಟ್ವೇಬೊಸ್‌ಬ್ಯೂರ್ಟ್ ಎಂಬ ಬಡಾವಣೆಯಲ್ಲಿ ಕಡಿಮೆ ಬಾಡಿಗೆಯ 500ಕ್ಕೂ ಹೆಚ್ಚು ಮನೆಗಳನ್ನು ಕೆಡವಲು ಹೊರಟರು. ಅವು ವೆಸ್ಟಿಯಾದ ಮನೆಗಳು. ಜೂಜಾಡಿದವರು ಸೋತರು, ಬಾಡಿಗೆದಾರರು ಮನೆ ಬಿಡಬೇಕಾಯಿತು. 2021ರಲ್ಲಿ ವಿಶ್ವಸಂಸ್ಥೆಯ ವಿಶೇಷ ವರದಿಗಾರರು ಡಚ್ ಸರ್ಕಾರಕ್ಕೆ ಕಾಗದ ಬರೆದು ಪ್ರಶ್ನಿಸಿದರು. ಆದರೂ ಕೆಡವುವ ಯಂತ್ರಗಳು ನಿಲ್ಲಲಿಲ್ಲ.

2023ರ ನವೆಂಬರ್ ಚುನಾವಣೆಯಲ್ಲಿ ಮನೆಯ ಕೊರತೆಗೆ ವಲಸಿಗರನ್ನು ದೂರಿದ ರಾಜಕಾರಣಿ ಗೀರ್ಟ್ ವಿಲ್ಡರ್ಸ್‌ನ ಪಕ್ಷ 150ರಲ್ಲಿ 37 ಸ್ಥಾನ ಗೆದ್ದು ಮೊದಲನೆಯದಾಯಿತು. ಮರುತಿಂಗಳೇ ಅಲ್ಲಿಗೆ ಹೋದ ವಿಶ್ವಸಂಸ್ಥೆಯ ವಸತಿ ಹಕ್ಕಿನ ವಿಶೇಷ ವರದಿಗಾರ ಬಾಲಕೃಷ್ಣನ್ ರಾಜಗೋಪಾಲ್, ಈ ಬಿಕ್ಕಟ್ಟು ವಿದೇಶಿಯರಿಂದ ಬಂದದ್ದಲ್ಲ, ದಶಕಗಳ ಸರ್ಕಾರಿ ನೀತಿಯಿಂದ ಬಂದದ್ದು ಎಂದರು. ಸುಮಾರು 4 ಲಕ್ಷ ಮನೆಗಳ ಕೊರತೆಯನ್ನು ನಿರಾಶ್ರಿತರ ಡೇರೆಗಳು ಹುಟ್ಟಿಸಲಿಲ್ಲ.

ಈ ಮಾತು ಐಂಡ್‌ಹೋವನ್, ಫೆಲ್ಡ್‌ಹೋವನ್, ಆಮ್‌ಸ್ಟಲ್‌ವೇನ್‌ಗಳಲ್ಲಿರುವ ನಮ್ಮವರಿಗೂ ಸೇರಿದ್ದು. ಚಿಪ್ ಯಂತ್ರ ಕಟ್ಟಲು, ಸಾಫ್ಟ್‌ವೇರ್ ಬರೆಯಲು ಕರ್ನಾಟಕದಿಂದ ಹೋದ ಅಕ್ಕ-ಅಣ್ಣಂದಿರೇ, ಹೊರಗಿನಿಂದ ಕರೆತಂದ ಪರಿಣತರೆಂದು ಆ ಸರ್ಕಾರ ನಿಮ್ಮ ಸಂಬಳದ ಶೇ. 30ರವರೆಗೆ ಐದು ವರ್ಷ ತೆರಿಗೆ ಬಿಟ್ಟಿದೆ. ಇಬ್ಬರೂ ದುಡಿಯುವ ನೀವು ಆ ಕತ್ತಲ ಹರಾಜಿನಲ್ಲಿ ಗೆಲ್ಲಬಲ್ಲಿರಿ. ಮನೆ ಕೊಳ್ಳಿ, ಸೂರು ನಿಮ್ಮ ಹಕ್ಕು. ಆದರೆ ಬೀದಿಯ ಕೊನೆಯ ಸಂಘದ ಮನೆಗಳನ್ನು ಮಾರುವ ಪ್ರಸ್ತಾಪ ನಗರಸಭೆಯ ಮುಂದೆ ಬಂದ ದಿನ ಬಾಗಿಲು ಹಾಕಿಕೊಳ್ಳಬೇಡಿ. ವಲಸಿಗರಿಂದಲೇ ಮನೆಯಿಲ್ಲ ಎಂದು ಪಕ್ಕದವನು ಹೇಳಿದಾಗ, ಆ ಮಾತು ನಮ್ಮ ಬಗ್ಗೆ ಅಲ್ಲ, ಸಿರಿಯಾದವರ ಬಗ್ಗೆ ಎಂದು ತಲೆಯಾಡಿಸಬೇಡಿ. ಉಳುವವನೇ ಹೊಲದೊಡೆಯ ಎಂಬ ಕೂಗು ಎದ್ದ ನಾಡಿನಿಂದ ಹೋದವರು ನೀವು.

ಐದು ವರ್ಷ ಕಾನೂನುಬದ್ಧವಾಗಿ ನೆಲೆಸಿದ್ದರೆ, ಡಚ್ ಪಾಸ್‌ಪೋರ್ಟ್ ಇಲ್ಲದವರಿಗೂ ಅಲ್ಲಿ ನಗರಸಭೆಯ ಚುನಾವಣೆಯಲ್ಲಿ ಮತವಿದೆ. 1986ರಿಂದ ಇದೆ. ಯಾವ ಜಮೀನಿನಲ್ಲಿ ಎಷ್ಟು ಕಡಿಮೆ ಬಾಡಿಗೆಯ ಮನೆ ಏಳಬೇಕು ಎನ್ನುವುದರಲ್ಲಿ ಆ ಸಭೆಗೆ ದನಿಯಿದೆ. ಮನೆಗೆ ಬೆಲೆ ಕೂಗಲು ತೋರಿದ ಶ್ರದ್ಧೆಯಲ್ಲಿ ಅರ್ಧವನ್ನಾದರೂ ತೋರಿ, ಆ ಮತ ಹಾಕಿ.