ಕಣ್ಕಟ್ಟಿನ ಸೈನ್ಯ

ನಮ್ಮ ಕೋಲಾರ ಸೀಮೆಯ ವಕ್ಕಲೇರಿಯನ್ನು ಇತಿಹಾಸಜ್ಞರು ಬಲ್ಲುದು ಬಾದಾಮಿ ಚಾಲುಕ್ಯ ಎರಡನೆಯ ಕೀರ್ತಿವರ್ಮನ ಕ್ರಿ.ಶ. 757ರ ತಾಮ್ರಶಾಸನದಿಂದ. ಅವನ ತಂದೆ ವಿಕ್ರಮಾದಿತ್ಯನು ಪಲ್ಲವ ನಂದಿಪೋತವರ್ಮನನ್ನು ಸೋಲಿಸಿ ವಶಪಡಿಸಿಕೊಂಡ ವಸ್ತುಗಳನ್ನು ಅದು ಎಣಿಸುತ್ತದೆ. ಆನೆ, ಮಾಣಿಕ್ಯಗಳ ಜೊತೆಗೆ ಖಟ್ವಾಂಗಧ್ವಜ, ಕಟುಮುಖವೆಂಬ ವಾದ್ಯ, ಸಮುದ್ರಘೋಷವೆಂಬ ಮತ್ತೊಂದು ವಾದ್ಯ! ಬಾವುಟಕ್ಕೂ ವಾದ್ಯಕ್ಕೂ ಇಷ್ಟು ಬೆಲೆಯೇಕೆ? ಧೂಳೆದ್ದ ರಣಾಂಗಣದಲ್ಲಿ ಎದುರಾಳಿಯ ಬಲವನ್ನು ಅಳೆಯಲು ಕಣ್ಣಿಗೆ ಧ್ವಜ, ಕಿವಿಗೆ ಘೋಷ ಇವೇ ಆಧಾರವೆಂದು ನನ್ನ ಊಹೆ.

ಹೀಗೆ ಅಳೆಯುವ ಕಣ್ಣನ್ನು ವಂಚಿಸಬಹುದೆಂಬುದನ್ನೂ ನಮ್ಮ ಪೂರ್ವಿಕರು ಬಲ್ಲರು. ಗಜಪ್ರಿಯನಾದ ವತ್ಸರಾಜ ಉದಯನನನ್ನು ಅವಂತಿಯ ದೊರೆ ಸೆರೆಹಿಡಿದುದು ಯೋಧರನ್ನು ಒಡಲಲ್ಲಿ ಅಡಗಿಸಿಟ್ಟ ಯಂತ್ರದಾನೆಯಿಂದ ಎಂದು ಕಥಾಸರಿತ್ಸಾಗರ ಹೇಳುತ್ತದೆ.

ಅದು ಕಥೆಯಾಯಿತು. ಎರಡನೆಯ ಮಹಾಯುದ್ಧದಲ್ಲಿ ಇಂಥದೇ ಉಪಾಯ ನಿಜವಾಗಿ ನಡೆಯಿತು. 1944ರಲ್ಲಿ ಅಮೆರಿಕವು ಸುಮಾರು 1,100 ಜನರ ಒಂದು ಪಡೆಯನ್ನು ಯೂರೋಪಿಗೆ ಕಳುಹಿಸಿತು. ಅದರಲ್ಲಿ ಹಲವರು ಚಿತ್ರಕಾರರು, ವಿನ್ಯಾಸಕಾರರು. ಮುಂದೆ ಪ್ರಖ್ಯಾತನಾದ ಎಲ್ಸ್‌ವರ್ತ್ ಕೆಲ್ಲಿಯೂ ಅವರಲ್ಲೊಬ್ಬ. ಇವರ ಆಯುಧ ಗಾಳಿ ತುಂಬಿದ ರಬ್ಬರ್ ಟ್ಯಾಂಕು. ಟ್ಯಾಂಕನ್ನು ನಿಲ್ಲಿಸಿದರೆ ಸಾಲದು, ಅದು ನಡೆದುಬಂದ ಜಾಡನ್ನೂ ಬುಲ್ಡೋಜರಿನಿಂದ ನೆಲದ ಮೇಲೆ ಮೂಡಿಸಬೇಕು. ರಾತ್ರಿ ದೊಡ್ಡ ಧ್ವನಿವರ್ಧಕಗಳಲ್ಲಿ ದಂಡು ಚಲಿಸುವ ಸದ್ದು, ಹೊಸಕಾಲದ ಸಮುದ್ರಘೋಷವೆನ್ನಿ! ಬೇರೆ ತುಕಡಿಗಳ ಲಾಂಛನವನ್ನು ತೋಳಿಗೆ ಹೊಲಿದುಕೊಂಡು ಊರೊಳಗೆ ಸುಳ್ಳುಸುದ್ದಿ ಬಿತ್ತುವುದೂ ಇವರ ಕೆಲಸವೇ. 1945ರ ಮಾರ್ಚಿಯಲ್ಲಿ ರೈನ್ ನದಿಯ ದಂಡೆಯಲ್ಲಿ ಇವರು ಎರಡು ಡಿವಿಜನ್‌ಗಳ ವೇಷ ಧರಿಸಿ ಜರ್ಮನರ ಗಮನವನ್ನು ತಮ್ಮತ್ತ ಸೆಳೆದರು; ನಿಜವಾದ ಸೈನ್ಯವು ಬೇರೆಡೆಯಲ್ಲಿ ಅಲ್ಪನಷ್ಟದಿಂದ ಹೊಳೆ ದಾಟಿತು.

ಶರಣಮಾರ್ಗದವರಿಗೆ ಇಲ್ಲೊಂದು ತೊಡಕಿದೆ. ಬಸವಣ್ಣನವರು ಕೊಲೆಯನ್ನೂ ಹುಸಿಯನ್ನೂ ಜೊತೆಯಾಗಿಯೇ ನಿಷೇಧಿಸಿದರು. ಕೊಲೆಯನ್ನು ತಗ್ಗಿಸಲೆಂದು ಹುಸಿಯನ್ನು ಹೂಡಿದರೆ? ಸಾವಿರಾರು ತಾಯಂದಿರ ಮಕ್ಕಳು ಮನೆಗೆ ಮರಳಿದರೆಂಬುದನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಉಳಿದವರು ಈಚೆ ದಡದವರು. ಆಚೆ ದಡದಲ್ಲಿಯೂ ತಾಯಂದಿರ ಮಕ್ಕಳೇ ಇದ್ದರು. ಬಹುರೂಪಿ ಚೌಡಯ್ಯನವರ ಕಾಯಕವೂ ವೇಷ ಹಾಕುವುದೇ. ಅದು ವೇಷವೆಂದು ಬಲ್ಲ ಜನರೆದುರು ಅವರು ಕುಣಿದರು. ಈ ಸೈನಿಕ ಕಲಾವಿದರದು ಹಾಗಲ್ಲ, ನೋಡುವವನಿಗೆ ಗೊತ್ತಾದರೆ ಕೆಲಸವೇ ಕೆಟ್ಟಿತು. ಆದುದರಿಂದ ಇದನ್ನು ಕಲೆಯೆನ್ನಲು ನನ್ನ ಮನಸ್ಸು ಹಿಂಜರಿಯುತ್ತದೆ, ಪಾಪವೆನ್ನಲು ಇನ್ನೂ ಹೆಚ್ಚು ಹಿಂಜರಿಯುತ್ತದೆ.

ಯುದ್ಧ ಮುಗಿದು ಅರ್ಧ ಶತಮಾನದವರೆಗೆ ಈ ಕೆಲಸವನ್ನು ಸರ್ಕಾರ ಗುಟ್ಟಾಗಿಯೇ ಇಟ್ಟಿತ್ತು. ಅಮೆರಿಕದ ಸಂಸತ್ತಿನ ಚಿನ್ನದ ಪದಕವನ್ನು ಪಡೆಗೆ ಪ್ರದಾನ ಮಾಡಿದುದು 2024ರಲ್ಲಿ. ಆಗ ಬದುಕಿದ್ದವರು ಏಳೇ ಮಂದಿ.